ಶಾಲಾ ಲೈಬ್ರರಿಯನ್ ಆಗಬೇಕು ಅಂದರೆ ಬಿ.ಎ. ಮುಗಿದ ಮೇಲೆ ಏನು ಓದಬೇಕು?

ಕೊಪ್ಪಳದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೀರಿ, ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡುವ ಆಸೆ ಇದೆ, ಅಪ್ಪ ಮಾತ್ರ "ಬಿ.ಎಡ್. ಮಾಡು ಮಗಳೇ, ಅದಕ್ಕೆ ಬೆಲೆ ಇದೆ" ಅನ್ನುತ್ತಾರೆ ಅಂತ ಬರೆದಿದ್ದೀರಿ. ನಾನು ರಾಯಚೂರಿನ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಲೈಬ್ರರಿಯನ್. ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ ತಂಗಿ.

ಓದಿನ ದಾರಿ ಸರಳ. ಯಾವುದೇ ಡಿಗ್ರಿ ಆದ ಮೇಲೆ ಒಂದು ವರ್ಷದ ಬಿ.ಲಿಬ್., ಅಂದರೆ ಗ್ರಂಥಾಲಯ ವಿಜ್ಞಾನದ ಪದವಿ, ಮಾಡಬೇಕು. ಬಿ.ಎಡ್.ಗೆ ಎರಡು ವರ್ಷ ಹಿಡಿಯುತ್ತದೆ, ಲೈಬ್ರರಿಯನ್ ಕೆಲಸಕ್ಕೆ ಅದು ಬೇಕಾಗಿಲ್ಲ. ಊರು ಬಿಟ್ಟು ಹೋಗಲು ಆಗದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೂ ಇಗ್ನೋದಲ್ಲೂ ದೂರಶಿಕ್ಷಣದ ಮೂಲಕ ಓದಬಹುದು. ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆಗಳೆಲ್ಲ ಕಾಲೇಜು ಲೈಬ್ರರಿಗೆ. ಶಾಲೆಗೆ ಅವುಗಳ ಚಿಂತೆ ಬೇಡ.

ಕಷ್ಟ ಇರುವುದು ಕೆಲಸ ಸಿಗುವ ಕಡೆ. ಅದನ್ನು ಮುಚ್ಚಿಡುವುದಿಲ್ಲ. ನಾನು ನೋಡಿದ ನಮ್ಮ ಕಡೆಯ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಲೈಬ್ರರಿ ಅಂದರೆ ಒಂದು ಕಬ್ಬಿಣದ ಬೀರು, ಅದರ ಬೀಗದ ಕೈ ಯಾರೋ ಒಬ್ಬ ಮೇಷ್ಟ್ರ ಹತ್ತಿರ. ಲೈಬ್ರರಿಯನ್ ಅಂತ ಬೇರೆ ಹುದ್ದೆಯೇ ಇಲ್ಲ. ಮಕ್ಕಳಿಗಾಗಿ ಬಂದ ಪುಸ್ತಕ ಮಕ್ಕಳ ಕೈಗೆ ಸಿಗದೆ ಗೆದ್ದಲು ಹಿಡಿಯುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಸದ್ಯಕ್ಕೆ ಪಕ್ಕಾ ಹುದ್ದೆ ಇರುವುದು ಕೇಂದ್ರೀಯ ವಿದ್ಯಾಲಯ, ನವೋದಯಗಳಲ್ಲಿ. ನಿಮ್ಮ ಜಿಲ್ಲೆಯ ನವೋದಯ ಕುಕನೂರಿನಲ್ಲೇ ಇದೆ, ಒಮ್ಮೆ ಹೋಗಿ ಅಲ್ಲಿಯ ಲೈಬ್ರರಿಯನ್ನರನ್ನು ಮಾತಾಡಿಸಿ. ಕೇಂದ್ರೀಯ ವಿದ್ಯಾಲಯದಲ್ಲಿ ಮೂಲ ವೇತನ 44,900 ರೂಪಾಯಿಯಿಂದ ಶುರು. ಅಪ್ಪನಿಗೆ ಮೊದಲು ಈ ಅಂಕಿ ತೋರಿಸಿ. ಆದರೆ ಪೈಪೋಟಿ ಇಡೀ ದೇಶದವರ ಜೊತೆ. 2022ರಲ್ಲಿ ಕರೆದಾಗ ದೇಶಕ್ಕೆಲ್ಲ ಸೇರಿ 355 ಲೈಬ್ರರಿಯನ್ ಹುದ್ದೆ ಇದ್ದವು. ಹಿಂದಿ, ಇಂಗ್ಲಿಷ್ ಎರಡೂ ಬರಬೇಕು. ಕನ್ನಡ ಮೀಡಿಯಂನಲ್ಲಿ ಓದಿದ ನಮಗೆ ಹಿಂದಿಯೇ ಕೈ ಕೊಡುವುದು, ಇವತ್ತಿನಿಂದಲೇ ಶುರು ಮಾಡಿ. ಇನ್ನೊಂದು ಮಾತು. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ 371ಜೆ ಮೀಸಲಾತಿ ಈ ಕೇಂದ್ರದ ಹುದ್ದೆಗಳಿಗೆ ನಡೆಯುವುದಿಲ್ಲ, ರಾಜ್ಯದ ನೇಮಕಾತಿಗೆ ಮಾತ್ರ. ಆದರೂ ಆ ಪ್ರಮಾಣಪತ್ರ ಮಾಡಿಸಿ ಇಟ್ಟುಕೊಳ್ಳಿ.

ಉಳಿದದ್ದು ಖಾಸಗಿ ಶಾಲೆ. ಸಂಬಳ ಕಡಿಮೆ. ನಾನು ಮೊದಲು ಸೇರಿದ ಶಾಲೆಯಲ್ಲಿ ಅಡ್ಮಿಷನ್ ಶುರುವಾದರೆ ಎರಡು ತಿಂಗಳು ಲೈಬ್ರರಿಗೆ ಬೀಗ ಹಾಕಿ ನನ್ನನ್ನು ಫೀ ಕೌಂಟರಿನಲ್ಲಿ ಕೂರಿಸುತ್ತಿದ್ದರು. ಸೇರುವ ಮೊದಲೇ ಕೇಳಿ: ವಾರಕ್ಕೆ ಪ್ರತಿ ತರಗತಿಗೆ ಲೈಬ್ರರಿ ಪೀರಿಯಡ್ ಇದೆಯಾ? ವರ್ಷಕ್ಕೆ ಪುಸ್ತಕಕ್ಕೆ ಎಷ್ಟು ಹಣ ಕೊಡುತ್ತೀರಿ? ಈ ಎರಡಕ್ಕೂ ಉತ್ತರ ತಡವರಿಸಿದರೆ ಆ ಶಾಲೆ ಬೇಡ.

ಬಿ.ಲಿಬ್.ನಲ್ಲಿ ವರ್ಗೀಕರಣ, ಕ್ಯಾಟಲಾಗ್, ಕಂಪ್ಯೂಟರ್ ಎಲ್ಲ ಕಲಿಸುತ್ತಾರೆ. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಪರೀಕ್ಷೆಗೆ ಅದು ಬೇಕೇ ಬೇಕು. ಆದರೆ ಮೂರನೇ ಕ್ಲಾಸಿನ ಮಗು ಆ ಸಂಖ್ಯೆ ಹುಡುಕಿಕೊಂಡು ಬರುವುದಿಲ್ಲ ಅಲ್ವಾ? ಚಿಕ್ಕ ಮಕ್ಕಳ ಕಪಾಟಿಗೆ ನಾನು ಬಣ್ಣದ ಪಟ್ಟಿ ಅಂಟಿಸಿದ್ದೇನೆ. ಪ್ರಾಣಿಗಳ ಪುಸ್ತಕಕ್ಕೆ ಹಸಿರು, ಕಥೆಗೆ ಕೆಂಪು. ತೆಗೆದ ಪುಸ್ತಕವನ್ನು ಅವರೇ ಸರಿಯಾದ ಜಾಗದಲ್ಲಿ ಇಡುತ್ತಾರೆ.

ಕೋರ್ಸಿನಲ್ಲಿ ಓದಿದರೂ ಅರ್ಥವಾಗದ ಒಂದು ವಿಷಯ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅನ್ನುವುದು. ನಾನು ಅದನ್ನು ಬಾಯಿಪಾಠ ಮಾಡಿ ಪಾಸಾದೆ. ಅರ್ಥ ಆಗಿದ್ದು ಸಿಂಧನೂರು ಕಡೆಯ ಒಬ್ಬ ಹುಡುಗನಿಂದ. ಐದನೇ ಕ್ಲಾಸು, ಮನೆಮಾತು ತೆಲುಗು. ಪೀರಿಯಡ್ ಪೂರ್ತಿ ಕಿಟಕಿ ಹತ್ತಿರ ಸುಮ್ನೆ ಕೂರುತ್ತಿದ್ದ. ಕಥೆ ಪುಸ್ತಕ ಕೊಟ್ಟರೆ ಮುಚ್ಚಿಟ್ಟು ವಾಪಸ್ ಕೊಡುತ್ತಿದ್ದ. ಒಂದು ದಿನ ಹಳೆಯ ಕೃಷಿ ಪತ್ರಿಕೆಗಳನ್ನು ರದ್ದಿಗೆ ಅಂತ ಕಟ್ಟುತ್ತಿದ್ದೆ. ಭತ್ತ ಕೊಯ್ಯುವ ಮಷೀನಿನ ಚಿತ್ರ ನೋಡಿದವನೇ ಎದ್ದು ಬಂದ. "ಇದು ನಮ್ಮ ಹೊಲಕ್ಕೆ ಬರ್ತದ ಮೇಡಂ. ಕೆಳಗ ಏನು ಬರ್ದಾರ?" ಅಂತ ಕೇಳಿದ. ಓದಿ ಹೇಳಿದೆ. ಮುಂದಿನ ವಾರವೂ ಅದನ್ನೇ ಕೇಳಿದ. ಮೂರನೇ ವಾರ ಒಂದೊಂದೇ ಅಕ್ಷರ ಕೂಡಿಸಿ ತಾನೇ ಓದಿದ. ಆ ಕಟ್ಟನ್ನು ರದ್ದಿಗೆ ಕೊಡಲಿಲ್ಲ, ಇವತ್ತಿಗೂ ನನ್ನ ಮೇಜಿನ ಪಕ್ಕ ಇದೆ.

ಅದಕ್ಕೇ ಹೇಳುವುದು, ಬಿ.ಲಿಬ್.ಗೆ ಸೇರುವ ತನಕ ಕಾಯಬೇಡಿ. ಪಂಚಾಯಿತಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವನ್ನು ಅರಿವು ಕೇಂದ್ರ ಅಂತಾರೆ. ನಿಮ್ಮ ಊರಿನ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರನ್ನು ಕೇಳಿ, ಭಾನುವಾರ ಒಂದು ಗಂಟೆ ಮಕ್ಕಳಿಗೆ ಕಥೆ ಓದುತ್ತೇನೆ ಅನ್ನಿ. ಮಕ್ಕಳ ಪುಸ್ತಕ ನೀವೇ ಜಾಸ್ತಿ ಓದಿ, ವಾರಕ್ಕೆ ಐದಾದರೂ. ಯಾವ ಮಗು ಯಾವ ಪುಟದಲ್ಲಿ ನಕ್ಕಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನ ಈಗಿನ ಶಾಲೆಯ ಸಂದರ್ಶನಕ್ಕೆ ನಾನು ಅಂಥದ್ದೇ ನೋಟ್‌ಬುಕ್ ಒಯ್ದಿದ್ದೆ. ಅವರು ಮಾರ್ಕ್ಸ್ ಕಾರ್ಡಿಗಿಂತ ಜಾಸ್ತಿ ಹೊತ್ತು ಅದನ್ನೇ ನೋಡಿದರು.

ಹರಿದ ಪುಸ್ತಕ ರಿಪೇರಿ ಮಾಡುವುದನ್ನೂ ಕಲಿಯಿರಿ. ಅಂಟಿಗೆ ಮೈದಾ ಹಿಟ್ಟನ್ನು ತೆಳ್ಳಗೆ ಕುದಿಸಿ, ಚಿಟಿಕೆ ಮೈಲುತುತ್ತು ಹಾಕಿದರೆ ಹುಳ ಹತ್ತುವುದಿಲ್ಲ. ಮೈಲುತುತ್ತು ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಪುಸ್ತಕದ ಬೆನ್ನಿಗೆ ಖಾದಿ ಬಟ್ಟೆಯ ಪಟ್ಟಿ ಅಂಟಿಸಿ, ಮೇಲೆ ಭಾರ ಇಟ್ಟು, ನೆರಳಲ್ಲೇ ಒಣಗಿಸಿ. ನಮ್ಮ ಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗುತ್ತದೆ.