ಮಜ್ಜಿಗೆ ಬಣ್ಣದ ಪ್ಲಾಸ್ಮಾದಿಂದ ಶುರು ಮಾಡಿ

ನಮಸ್ಕಾರ. ವಿಜಯಪುರದಿಂದ ನೀವು ಕಳಿಸಿದ ರಕ್ತ ಸಂಗ್ರಹದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಮಹಾದಾನ, ಜೀವದಾನ ಎಲ್ಲ ಪ್ರತಿ ಶಿಬಿರದ ಬ್ಯಾನರಿನಲ್ಲೂ ಇರುತ್ತದೆ, ಅಲ್ವಾ? ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ ಹೊತ್ತಿನ ಶಿಬಿರ, ತುಪ್ಪ ಸುರಿದುಕೊಂಡು ನಾಲ್ಕು ಶೇಂಗಾ ಹೋಳಿಗೆ ತಿಂದು ಬಂದ ಹುಡುಗ, ಆಮೇಲೆ ಅವನ ರಕ್ತದ ಚೀಲವನ್ನು ಮಷೀನಿನಲ್ಲಿ ತಿರುಗಿಸಿದಾಗ ತಿಳಿ ಹಳದಿ ಇರಬೇಕಾದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಊಟದ ಜಿಡ್ಡಿನಿಂದ ಮಜ್ಜಿಗೆಯ ಹಾಗೆ ಬೆಳ್ಳಗೆ ಕಂಡದ್ದು. ಇದನ್ನು ನೀವು ಕಣ್ಣಾರೆ ನೋಡಿದ್ದೀರಿ, ನಾವ್ಯಾರೂ ನೋಡಿಲ್ಲ. ಅದಕ್ಕೆ ಬರೀ ಎರಡು ಸಾಲು ಯಾಕೆ? ಆ ಚೀಲವನ್ನು ಏನು ಮಾಡಿದಿರಿ, ಕೈಯಲ್ಲಿ ಹಿಡಿದಾಗ ಏನನ್ನಿಸಿತು, ಬರೆಯಿರಿ.

‘ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದಿದ್ದೀರಿ. ಇದನ್ನು ಮಾತ್ರ ಅಚ್ಚು ಮಾಡುವುದಿಲ್ಲ. ಒಬ್ಬರು ತಲೆ ತಿರುಗಿ ಬಿದ್ದರೆ ಆ ಮನೆಯಿಂದ ಮತ್ತೆ ಯಾರೂ ಬರುವುದಿಲ್ಲ. ಜಿಡ್ಡು ಕಡಿಮೆ ಇರುವ ಊಟ, ಸಾಕಷ್ಟು ನೀರು ಅಂತ ಹೇಳಿ.

‘ಗರಡಿ ಹುಡುಗರ ರಕ್ತ ಗಟ್ಟಿ, ಬಹಳ ದಿನ ತಾಳುತ್ತದೆ’ ಎಂಬುದೂ ತಪ್ಪು. 2ರಿಂದ 6 ಡಿಗ್ರಿಯಲ್ಲಿ ಇಟ್ಟರೂ ಕೆಂಪುಕಣಗಳು ದಿನ ಕಳೆದಂತೆ ಅಷ್ಟಿಷ್ಟು ಒಡೆಯುತ್ತವೆ, ಸರಾಸರಿ ನೋಡಿದರೆ ಹೆಂಗಸರಿಗಿಂತ ಗಂಡಸರ ಕಣಗಳೇ ಜಾಸ್ತಿ ಒಡೆಯುತ್ತವೆ, ಇದರಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನಿನ ಪಾಲೂ ಇದೆ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವವರ ಕಣಗಳೂ ಬೇಗ ಸೋಲುತ್ತವೆ, ಆಳು ನೋಡಲು ಎಷ್ಟೇ ಗಟ್ಟಿಮುಟ್ಟಾಗಿರಲಿ. ಬೀಡಿ ಸೇದಿ ಬಂದವರ ರಕ್ತದಲ್ಲಿ ಹಿಮೋಗ್ಲೋಬಿನ್ನಿನ ಸ್ವಲ್ಪ ಭಾಗವನ್ನು ಕಾರ್ಬನ್ ಮಾನಾಕ್ಸೈಡ್ ಹಿಡಿದುಕೊಂಡಿರುತ್ತದೆ, ಅಷ್ಟು ಭಾಗ ಆಮ್ಲಜನಕ ಹೊರುವುದಿಲ್ಲ. ಇದನ್ನೆಲ್ಲ ಓದಿ ಯಾರೂ ರಕ್ತ ಕೊಡಲು ಹಿಂಜರಿಯಬಾರದು. ಈ ವ್ಯತ್ಯಾಸ ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತದೆ ಎಂದು ಪಕ್ಕದಲ್ಲೇ ಹೇಳಿಬಿಡಿ.

‘42 ದಿನ ರಕ್ತ ತಾಜಾ’ ಎಂದು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ರಕ್ತ ಕೆಡದಂತೆ ಚೀಲದಲ್ಲಿ ಹಾಕಿರುವ ದ್ರಾವಣ ಯಾವುದು ಎಂಬುದರ ಮೇಲೆ 35 ಅಥವಾ 42 ದಿನ, ಅದೂ ಕೊನೆಯ ಗಡುವು. ಲೇಖನದ ಜೀವ ಇಲ್ಲೇ ಇದೆ ನೋಡಿ. ಒಂದೇ ದಿನ ತೆಗೆದು ಒಂದೇ ತಾರೀಖು ಅಂಟಿಸಿದ ಎರಡು ಚೀಲ 30ನೇ ದಿನ ಒಂದೇ ಥರ ಇರುವುದಿಲ್ಲ, ಯಾಕೆಂದರೆ ಕೊಟ್ಟ ಮನುಷ್ಯರು ಬೇರೆ ಬೇರೆ. ಉಳಿದದ್ದನ್ನೆಲ್ಲ ಇದಕ್ಕೆ ಕಟ್ಟಿ.

900 ಪದದೊಳಗೆ ಮತ್ತೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಆ ಹೋಳಿಗೆ ಹುಡುಗ ಆಮೇಲೆ ಇನ್ನೊಮ್ಮೆ ರಕ್ತ ಕೊಡಲು ಬಂದನೇ? ಅದನ್ನೂ ಬರೆಯಿರಿ.