ಮಕ್ಕಳ ಮೇಲಿನ ದೌರ್ಜನ್ಯ ತೋರಿಸದೆ, ಅದರ ಗಾಯ ತೋರಿಸುವ ಸಿನಿಮಾ

ಬಾಲ್ಯದ ಪೆಟ್ಟು ದೊಡ್ಡವರಾದ ಮೇಲೂ ಹೇಗೆ ಕಾಡುತ್ತೆ ಅನ್ನೋ ಸಿನಿಮಾ ಬೇಕು, ಆದರೆ ಮಕ್ಕಳ ಮೇಲಿನ ದೌರ್ಜನ್ಯವನ್ನು ಕಣ್ಣಾರೆ ನೋಡಲು ಆಗಲ್ಲ ಅಂದಿದ್ದೀರಿ. ಹಾಗಾದರೆ 1998ರ ಡೆನ್ಮಾರ್ಕ್ ಸಿನಿಮಾ 'ಫೆಸ್ಟೆನ್'ನಿಂದ ಶುರು ಮಾಡಿ. ಅಪ್ಪನ 60ನೇ ಹುಟ್ಟುಹಬ್ಬದ ಊಟ. ಮಗ ಎದ್ದು ನಿಂತು, ಎರಡು ಭಾಷಣ ಬರೆದಿದ್ದೇನೆ, ಹಸಿರೋ ಹಳದಿಯೋ ನೀವೇ ಆರಿಸಿ ಅಂತ ಅಪ್ಪನನ್ನೇ ಕೇಳುತ್ತಾನೆ. ಅಪ್ಪ ಹಸಿರು ಅನ್ನುತ್ತಾನೆ. ಚಿಕ್ಕಂದಿನಲ್ಲಿ ತನಗೂ ತೀರಿಕೊಂಡ ಸೋದರಿಗೂ ಅಪ್ಪ ಮಾಡಿದ್ದೆಲ್ಲ ಆ ಹಾಳೆಯಲ್ಲಿದೆ. ನನಗೆ ಆ ಮಾತಿಗಿಂತ ಜಾಸ್ತಿ ನಡುಕ ಹುಟ್ಟಿಸಿದ್ದು ಆಮೇಲಿನದು: ನೆಂಟರು ಏನೂ ಕೇಳಿಸದವರ ಹಾಗೆ ಊಟ ಮುಂದುವರಿಸುತ್ತಾರೆ. ದೊಡ್ಡವರ ನಡುವೆ ಹೊಡೆದಾಟ ಇದೆ, ಅದಕ್ಕೆ ತಯಾರಿರಿ.

ಬ್ಯಾರಿ ಜೆಂಕಿನ್ಸ್ ಅವರ 'ಮೂನ್‌ಲೈಟ್' (2016) ಇದಕ್ಕಿಂತ ಮೆತ್ತಗಿದೆ. ಒಬ್ಬನೇ ಹುಡುಗನ ಮೂರು ವಯಸ್ಸು, ಮೂವರು ನಟರು. ಶಾಲೆಯಲ್ಲಿ ಅವನನ್ನು ಹೊಡೆಯುವ ದೃಶ್ಯ ಒಂದಿದೆ, ಬೇಕಿದ್ದರೆ ಮುಂದಕ್ಕೆ ಓಡಿಸಿ. ಕೊನೆಯ ಭಾಗದಲ್ಲಿ ಅವನು ಕಟ್ಟುಮಸ್ತಾದ ಗಂಡಸು, ಹಲ್ಲಿಗೆ ಚಿನ್ನದ ಕವಚ. ಹಳೆಯ ಗೆಳೆಯ ಅಡುಗೆ ಮಾಡಿ ಬಡಿಸಿದಾಗ ಆ ಕವಚ ತೆಗೆದಿಟ್ಟು ತಿನ್ನುತ್ತಾನೆ. ಅಷ್ಟೇ. ಆ ಕ್ಷಣ ಒಳಗಿನ ಪುಟ್ಟ ಹುಡುಗ ಕಾಣಿಸಿಬಿಡುತ್ತಾನೆ.

'ಮಿಸ್ಟಿಕ್ ರಿವರ್' (2003) ಸದ್ಯಕ್ಕೆ ಬೇಡ, ಅದರಲ್ಲಿ ಕೊಲೆ ಇದೆ. ಆದರೆ ಅದರಲ್ಲಿ ಹುಡುಗನೊಬ್ಬ ಹಸಿ ಸಿಮೆಂಟಿನಲ್ಲಿ ತನ್ನ ಹೆಸರು ಬರೆಯುತ್ತಿರುವಾಗಲೇ ಅವನನ್ನು ಎತ್ತಿಕೊಂಡು ಹೋಗುತ್ತಾರೆ; ಅರ್ಧಕ್ಕೇ ನಿಂತ ಆ ಹೆಸರು ಮರೆಯೋಕಾಗಲ್ಲ. 'ಗುಡ್ ವಿಲ್ ಹಂಟಿಂಗ್' ಬಗ್ಗೆಯೂ ಕೇಳಿದ್ದೀರಿ. ಒಳ್ಳೆಯದೇ, ಆದರೆ ಅದರಲ್ಲಿ ತೋರಿಸುವ ಹಾಗೆ ಮನೋಚಿಕಿತ್ಸಕನ ಒಂದು ಅಪ್ಪುಗೆಗೆ ಬಾಲ್ಯದ ಗಾಯ ಅಷ್ಟು ಬೇಗ ಮಾಯುತ್ತಾ? ನನಗೇನೋ ಅನುಮಾನ.