ಎಚ್ಚರವಿರುವಾಗಲೇ ಮೆದುಳಿನ ಆಪರೇಷನ್: ಬಿಪಿ ಇರುವವರಿಗೆ ಮಂಪರು ಕೊಟ್ಟರೆ?

ಪ್ರಶ್ನೆ: ನಮ್ಮಣ್ಣನಿಗೆ 52 ವರ್ಷ. ದಾವಣಗೆರೆ ಮಂಡಿಪೇಟೆಯಲ್ಲಿ ಅಂಗಡಿ ಇದೆ. ಮೆದುಳಿನಲ್ಲಿ, ಮಾತಿಗೆ ಬೇಕಾದ ಜಾಗದ ಪಕ್ಕದಲ್ಲೇ ಗಡ್ಡೆಯಾಗಿದೆ. ಬೆಂಗಳೂರಿನಲ್ಲಿ ಎಚ್ಚರವಿಟ್ಟೇ ಆಪರೇಷನ್ ಮಾಡುತ್ತಾರಂತೆ, ಸ್ವಲ್ಪ ಹೊತ್ತು ಮಂಪರು ಬರಿಸುತ್ತಾರಂತೆ. ಅವನು ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾನೆ. ಮಂಪರಿನಿಂದ ಬಿಪಿ ಏರಿ ಅಪಾಯ ಆಗುತ್ತಾ?

ಉತ್ತರ (ಅರಿವಳಿಕೆ ತಜ್ಞರಿಂದ): ಎಲ್ಲರೂ ಏರುವುದಕ್ಕೇ ಹೆದರುತ್ತಾರೆ. ಆದರೆ ಮಂಪರಿನ ಔಷಧಿಗಳು ಸಾಮಾನ್ಯವಾಗಿ ಬಿಪಿಯನ್ನು ಇಳಿಸುತ್ತವೆ. ಪ್ರೊಪೊಫಾಲ್ ರಕ್ತನಾಳಗಳನ್ನು ಸಡಿಲಿಸುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ನಾಡಿಯನ್ನೂ ನಿಧಾನ ಮಾಡುತ್ತದೆ. ಇದನ್ನು ಒಮ್ಮೆಲೇ ಜಾಸ್ತಿ ಕೊಟ್ಟರೆ ಮೊದಲು ಬಿಪಿ ಏರಿ ಆಮೇಲೆ ಇಳಿಯಬಹುದು. ಅದಕ್ಕೇ ಪಂಪಿನಲ್ಲಿ ನಿಧಾನವಾಗಿ ಬಿಡುತ್ತಾರೆ.

ವರ್ಷಗಟ್ಟಲೆ ಬಿಪಿ ಇದ್ದವರ ಮೆದುಳು ಜಾಸ್ತಿ ಒತ್ತಡಕ್ಕೆ ಒಗ್ಗಿಕೊಂಡಿರಬಹುದು. ಬಿಪಿಯ ಮೇಲಿನ ಅಂಕಿ 100 ಇದ್ದರೆ ನಿಮಗೆ ಸರಿಯೆನಿಸಿದರೂ ಅಣ್ಣನಿಗೆ ಅದು ಕಡಿಮೆಯಾಗಬಹುದು, ಮೆದುಳಿಗೆ ಸಾಕಷ್ಟು ರಕ್ತ ಸಿಗದಿರಬಹುದು. ಇಲ್ಲಿ ಬರೆಸಿಕೊಂಡ ಹಳೆಯ ಬಿಪಿ ಚೀಟಿಗಳನ್ನು ತಪ್ಪದೆ ಒಯ್ಯಿರಿ.

ಏರುವುದೂ ಉಂಟು. ತಲೆ ಅಲುಗದಂತೆ ಪಿನ್ ಹಾಕುವಾಗ, ಮಂಪರು ಇಳಿದು ಎಚ್ಚರವಾಗುವಾಗ ಏರಬಹುದು. ಭಯಕ್ಕೂ, ಮೂತ್ರ ಕಟ್ಟಿದರೂ ಏರುತ್ತದೆ. ಹಾಗೇ ಬಿಟ್ಟರೆ ರಕ್ತಸ್ರಾವದ ಅಪಾಯ. ಮೆದುಳಿಗೆ ನೋವು ಗೊತ್ತಾಗುವುದಿಲ್ಲ, ಆದರೆ ನೆತ್ತಿಯ ಚರ್ಮಕ್ಕೂ ಮೆದುಳಿನ ಹೊದಿಕೆಗೂ ಗೊತ್ತಾಗುತ್ತದೆ. ಆದ್ದರಿಂದ ನೆತ್ತಿಗೆ ಮರಗಟ್ಟುವ ಇಂಜೆಕ್ಷನ್ ಚೆನ್ನಾಗಿ ಹಿಡಿದಿದ್ದರೆ ಅರ್ಧ ತಲೆನೋವು ನಮಗೂ ಇಲ್ಲ!

ಇನ್ನೊಂದು ಕಾರಣ ಸುಲಭವಾಗಿ ಕಣ್ತಪ್ಪುತ್ತದೆ. ಮಂಪರು ಹೆಚ್ಚಾದರೆ ಉಸಿರು ಮಂದವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮೆದುಳು ಉಬ್ಬುತ್ತದೆ, ಬಿಪಿಯೂ ಏರಬಹುದು. ಆಗ ಸುಮ್ನೆ ಬಿಪಿ ಇಳಿಸುವ ಔಷಧಿ ಕೊಟ್ಟರೆ ಸಾಲದು. ಮಂಪರು ತಗ್ಗಿಸಿ ಉಸಿರು ಸರಿಮಾಡಬೇಕು. ಸಾಮಾನ್ಯವಾಗಿ ಮಣಿಕಟ್ಟಿನ ರಕ್ತನಾಳದಲ್ಲಿ ಸಣ್ಣ ಕೊಳವೆ ಇಟ್ಟಿರುತ್ತಾರೆ. ಪ್ರತಿ ಬಡಿತದ ಬಿಪಿಯೂ ಪರದೆ ಮೇಲೆ ಕಾಣುತ್ತದೆ. ಏರಿದರೂ ಇಳಿದರೂ ತಕ್ಷಣ ಗೊತ್ತಾಗುತ್ತದೆ, ಎರಡಕ್ಕೂ ಔಷಧಿ ಇದೆ.

ಟೆಲ್ಮಿಸಾರ್ಟನ್ ಅನ್ನು ಆಪರೇಷನ್‌ಗೆ ಒಂದು ದಿನ ಮೊದಲು ನಿಲ್ಲಿಸಲು ಹೇಳುವುದುಂಟು, ಅರಿವಳಿಕೆ ಜೊತೆ ಸೇರಿ ಬಿಪಿ ತೀರಾ ಇಳಿಯಬಹುದು ಅಂತ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಬಿಪಿ ಮಾತ್ರೆಗಳನ್ನು ಮೊದಲಿಂದ ತೆಗೆದುಕೊಳ್ಳುತ್ತಿದ್ದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ, ಥಟ್ಟನೆ ಬಿಟ್ಟರೆ ನಾಡಿ, ಬಿಪಿ ಎರಡೂ ಏರುತ್ತವೆ. ಯಾವುದು ಬೇಕು, ಯಾವುದು ಬೇಡ ಅನ್ನುವುದನ್ನು ಅಲ್ಲಿನ ಅರಿವಳಿಕೆ ವೈದ್ಯರೇ ಹೇಳಲಿ. ನೀವಾಗಿ ನಿಲ್ಲಿಸಬೇಡಿ. ಅಣ್ಣ ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಅದನ್ನೂ ಅವರಿಗೆ ತಿಳಿಸಿ. ಅಂಥವರಿಗೆ ಮಂಪರಿನಲ್ಲಿ ಉಸಿರು ಕಟ್ಟುವುದು ಜಾಸ್ತಿ.